ಮರಳಿ ಬಂದವರ ಮನಸ್ಸು

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೋ, ಗುಡಿಯ ಹಿಂಬದಿಯಲ್ಲೋ, ಹೊಲದ ಬದುವಿನಲ್ಲೋ ವೀರಗಲ್ಲೊಂದು ನಿಂತಿರುವುದನ್ನು ನೀವು ಕಂಡೇ ಇರುತ್ತೀರಿ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ; ನಡುವಿನದರಲ್ಲಿ ಮಡಿದವನನ್ನು ಅಪ್ಸರೆಯರು ಕರೆದೊಯ್ಯುವ ನೋಟ; ಮೇಲಿನದರಲ್ಲಿ ಅವನು ದೇವಸಾನ್ನಿಧ್ಯದಲ್ಲಿ ಕುಳಿತಿರುವ ಚಿತ್ರ. ತುರುಗಳನ್ನು ಬಿಡಿಸಿ ತರಲು ಹೋದವನು, ಊರಿನ ಮೇಲೆ ಬಿದ್ದವರನ್ನು ಅಡ್ಡಗಟ್ಟಿದವನು, ಹುಲಿಯೊಡನೆ ಹೋರಿ ಸತ್ತವನು, ಇಂಥವರಿಗೆಲ್ಲ ಊರು ಕಲ್ಲು ನಿಲ್ಲಿಸಿತು. ಸತ್ತವನ ಮನೆಯವರಿಗೆ ಭೂಮಿಯನ್ನೂ ಬಿಟ್ಟಿತು. ಆ ದತ್ತಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಹೆಸರು. ನೆತ್ತರು ಸುರಿಸಿದವನ ಹೆಂಡಿರು ಮಕ್ಕಳು ಊರಿನ ಹೊಣೆ ಎಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿ ಅಡಕವಾಗಿದೆ. ನಮ್ಮ ಹಿಂದಿನವರು ಈ ವಿಷಯದಲ್ಲಿ ಎಷ್ಟು ಉದಾರಿಗಳೆಂದರೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಹತ್ತನೆಯ ಶತಮಾನದ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಅದೇ ಕಾಳಗದಿಂದ ಬದುಕಿ ಮನೆಗೆ ಬಂದವನ ಗತಿಯೇನು? ಒಡೆಯನು ಮೆಚ್ಚಿ ಹೊಲವನ್ನೋ ಹಳ್ಳಿಯನ್ನೋ ಕೊಟ್ಟದ್ದುಂಟು. ಅವನ ಪರಾಕ್ರಮವನ್ನು ಹೊಗಳಿದ್ದೂ ಉಂಟು. ಆದರೆ ಮರಳಿ ಬಂದ ಮೇಲೆ ಅವನಿಗೆ ನಿದ್ದೆ ಬರುತ್ತಿತ್ತೆ, ಮಕ್ಕಳು ಓಡಿಬಂದು ಮೈಮೇಲೆ ಬಿದ್ದಾಗ ಬೆಚ್ಚುತ್ತಿದ್ದನೆ, ಪಕ್ಕದಲ್ಲಿ ಬಿದ್ದ ಗೆಳೆಯನ ಮುಖ ಅವನನ್ನು ಬಿಟ್ಟು ಹೋಯಿತೆ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಅದನ್ನು ಹೇಳಬೇಕೆಂಬ ಕಲ್ಪನೆಯೇ ಇರಲಿಲ್ಲವೆಂದು ತೋರುತ್ತದೆ. ಇಂದು ನಾನು ಮಾತನಾಡಬೇಕೆಂದಿರುವುದು ಇಂಥ ಮರಳಿ ಬಂದವರನ್ನು ಕುರಿತು. ನಮ್ಮ ಕಾಲದ ಮರಳಿ ಬಂದವರನ್ನು ಕುರಿತು.

ಬೆಂಕಿ ಬಿದ್ದಾಗ, ಗೋಡೆ ಕುಸಿದಾಗ, ಬಸ್ಸು ಕಂದಕಕ್ಕೆ ಉರುಳಿದಾಗ, ಉಳಿದವರೆಲ್ಲ ಹೊರಕ್ಕೆ ಓಡುವ ಹೊತ್ತಿನಲ್ಲಿ ಒಳಕ್ಕೆ ಓಡುವ ಕೆಲವರಿದ್ದಾರೆ. ಅಗ್ನಿಶಾಮಕ ದಳದವರು, ಪೊಲೀಸರು, ಆಂಬುಲೆನ್ಸಿನ ಚಾಲಕರು ಮತ್ತು ಶುಶ್ರೂಷಕರು, 2006ರಲ್ಲಿ ರಚನೆಯಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು. ಇಂಗ್ಲಿಷಿನಲ್ಲಿ ಇವರನ್ನೆಲ್ಲ ಒಟ್ಟಾಗಿ ‘ಫಸ್ಟ್ ರೆಸ್ಪಾಂಡರ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಒಂದು ಮಾತಿಲ್ಲ. ನಾನು ಮೊದಲು ಧಾವಿಸುವವರು ಎಂದು ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಮಾತು ಯಾರಿಗಾದರೂ ಹೊಳೆದರೆ ಸಂತೋಷ.

ನಮ್ಮ ದೇಶದಲ್ಲಿ ಮೊದಲು ಧಾವಿಸುವವರಲ್ಲಿ ಎಲ್ಲರೂ ಸಮವಸ್ತ್ರದವರಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ತುದಿಯ ಓಡುದಾರಿಯನ್ನು ಮೀರಿ ಕಮರಿಗೆ ಉರುಳಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಆ ಕಮರಿಗೆ ಇಳಿದವರಲ್ಲಿ ಸುತ್ತಲಿನ ಊರಿನ ಜನರಿದ್ದರು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಉಕ್ಕಿ ಹರಿಯುತ್ತಿದ್ದ ಗಂಗಾವಳಿಯಲ್ಲಿ ಮುಳುಗಿ ಹುಡುಕಿದವರಲ್ಲಿ ಕರಾವಳಿಯ ಮುಳುಗುಗಾರರಿದ್ದರು. ಆ ಹುಡುಕಾಟ ಎರಡು ತಿಂಗಳಿಗೂ ಮೀರಿ ನಡೆಯಿತು. ಇಂಥವರ ಹೆಸರು ಯಾವ ಹಾಜರಿಪಟ್ಟಿಯಲ್ಲೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅವರು ತಮ್ಮ ದೋಣಿಗೋ ಅಂಗಡಿಗೋ ಹಿಂತಿರುಗುತ್ತಾರೆ. ಅವರನ್ನು ವಿಚಾರಿಸಬೇಕಾದ ಮೇಲಧಿಕಾರಿ ಯಾರೂ ಇಲ್ಲ.

ಪ್ರತಿವರ್ಷ ಏಪ್ರಿಲ್ 14ರಂದು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನ ನಡೆಯುತ್ತದೆ. ಅದೇಕೆ ಆ ದಿನವೇ ಎಂಬುದು ಎಲ್ಲರಿಗೂ ತಿಳಿದಿರಲಾರದು. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಹತ್ತಿಯ ಹೊರೆಗಳು. ಜೊತೆಗೆ ಸುಮಾರು 1400 ಟನ್ ಸ್ಫೋಟಕ. ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ದಳದವರು ಬಂದರು, ನೀರು ಹಾಯಿಸಿದರು, ಬೆಂಕಿ ಬಗ್ಗಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದ ಕೆಲವು ನಿಮಿಷಗಳಲ್ಲಿ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ ಸಿಡಿಯಿತು. ನೀರಿನ ಕೊಳವೆ ಹಿಡಿದು ನಿಂತಿದ್ದ ಮುಂಬಯಿ ದಳದ 66 ಮಂದಿ ಮಡಿದರು. ಅವರ ನೆನಪಿಗಾಗಿ ಏಪ್ರಿಲ್ 14. ಇದು ತಕ್ಕದ್ದೇ. ಆದರೆ ಆ ಸಂಜೆ ಕೊಳವೆ ಹಿಡಿದಿದ್ದವರಲ್ಲಿ ಬದುಕಿ ಉಳಿದವರೂ ಇದ್ದರು. ಅವರು ಉರಿಯುತ್ತಿರುವ ಬಂದರಿನಲ್ಲಿ ಮತ್ತೆ ಕೆಲಸಕ್ಕೆ ನಿಂತರು. ಆಮೇಲೆ ಮನೆಗೆ ಹೋದರು. ಅವರಿಗಾಗಿ ಒಂದು ತಾರೀಖಿಲ್ಲ.

ಇಂಥವರ ಮನಸ್ಸಿನಲ್ಲಿ ನಡೆಯುವುದೇನು? ವೈದ್ಯನಲ್ಲದ ನಾನು ಓದಿ ತಿಳಿದಷ್ಟನ್ನು ಸರಳವಾಗಿ ಹೇಳುತ್ತೇನೆ. ಸಾಮಾನ್ಯವಾದ ನೆನಪಿಗೆ ಒಂದು ಗುಣವಿದೆ: ಅದು ಹಿಂದಿನದಾಗುತ್ತದೆ. ನಿನ್ನೆಯ ಜಗಳ, ಹೋದ ವರ್ಷದ ಮದುವೆ, ಎಲ್ಲವೂ ಕಾಲದಲ್ಲಿ ಹಿಂದೆ ಸರಿದು ಕಥೆಯಾಗುತ್ತವೆ. ತೀವ್ರವಾದ ಭಯದಲ್ಲಿ ಅಚ್ಚಾದ ನೆನಪು ಹಾಗೆ ಸರಿಯುವುದಿಲ್ಲ. ಅದು ಕಥೆಯಾಗದೆ ತುಣುಕುಗಳಾಗಿಯೇ ಉಳಿಯುತ್ತದೆ. ಒಂದು ಸದ್ದು, ಒಂದು ಬಣ್ಣ, ಬಹುತೇಕ ಒಂದು ವಾಸನೆ ಸೋಕಿದೊಡನೆ ಅದು ಈಗಲೇ ನಡೆಯುತ್ತಿದೆಯೆಂಬಂತೆ ಎದ್ದು ನಿಲ್ಲುತ್ತದೆ. ವಾಸನೆಯನ್ನು ವಿಶೇಷವಾಗಿ ಹೇಳಿದ್ದಕ್ಕೆ ಕಾರಣವಿದೆ. ಕಣ್ಣು ಕಿವಿಗಳ ಸುದ್ದಿ ಮಿದುಳಿನಲ್ಲಿ ಒಂದು ನಡುಮನೆಯನ್ನು ಹಾದು ಮುಂದೆ ಹೋಗುತ್ತದೆ. ಮೂಗಿನ ಸುದ್ದಿ ಮಾತ್ರ ಭಾವ ಮತ್ತು ನೆನಪಿನ ಕೇಂದ್ರಗಳನ್ನು ಹೆಚ್ಚು ನೇರವಾಗಿ ಮುಟ್ಟುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಗ್ನಿಶಾಮಕ ಠಾಣೆಯೊಂದರಲ್ಲಿ ಅಧಿಕಾರಿಯಾಗಿದ್ದ. ಕೆಲವು ವರ್ಷಗಳ ಹಿಂದೆ ಅವನ ಮನೆಗೆ ಹೋಗಿದ್ದೆ. ಊಟಕ್ಕೆ ಏಳುವ ಮುನ್ನ ಅವನ ಹೆಂಡತಿ ಮಾತಿನ ನಡುವೆ ಅಂದರು: “ನಮ್ಮ ಮನೆಯಲ್ಲಿ ಬದನೆಕಾಯಿ ಸುಡುವುದನ್ನು ಬಿಟ್ಟು ಎಂಟು ವರ್ಷವಾಯಿತು, ಮೇಷ್ಟ್ರೇ. ಇವರೇನೂ ಬೇಡವೆನ್ನಲಿಲ್ಲ. ಒಂದು ದಿನ ಗೊಜ್ಜು ಬಡಿಸಿದೆ. ಎಲೆಯ ಮುಂದಿನಿಂದ ಎದ್ದು ಹೊರಟುಹೋದರು.” ಏಕೆಂದು ಕೇಳಲಿಲ್ಲವೇನಮ್ಮ ಎಂದೆ. ಆಕೆ ತುಸು ಹೊತ್ತು ಸುಮ್ಮನಿದ್ದು, “ಕೇಳಿದರೆ ಎಲ್ಲಿ ಹೇಳಿಬಿಡುತ್ತಾರೋ ಎಂದು ಹೆದರಿಕೆ” ಎಂದರು.

ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆಯೆಂದು ನನಗೆ ತೋರುತ್ತದೆ. ಅವನು ಮನೆಯವರನ್ನು ಕಾಪಾಡಲು ಹೇಳುವುದಿಲ್ಲ. ಮನೆಯವರು ಅವನನ್ನೂ ತಮ್ಮನ್ನೂ ಕಾಪಾಡಿಕೊಳ್ಳಲು ಕೇಳುವುದಿಲ್ಲ. ನಡುವೆ ಒಂದು ಬೆಂಕಿಯ ರಾತ್ರಿ ಎಂಟು ವರ್ಷಗಳಿಂದ ಕುಳಿತಿದೆ. ಆ ವಿದ್ಯಾರ್ಥಿಗೆ ನಾನು ರನ್ನನ ಗದಾಯುದ್ಧವನ್ನು ಪಾಠ ಹೇಳಿದ್ದೆ. ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ದ್ರೋಣನನ್ನು, ಅಭಿಮನ್ಯುವನ್ನು, ಮಗ ಲಕ್ಷಣನನ್ನು, ದುಶ್ಶಾಸನನನ್ನು, ಕೊನೆಗೆ ಕರ್ಣನನ್ನು ಕಂಡು ಮರುಗುವ ಭಾಗ ನಿಮಗೆ ನೆನಪಿರಬಹುದು. ಊಟವಾದ ಮೇಲೆ ವರಾಂಡದಲ್ಲಿ ಕುಳಿತು ಅವನು ಅದರ ಮಾತೆತ್ತಿದ. “ದುರ್ಯೋಧನನಿಗೆ ಪ್ರತಿಯೊಬ್ಬನ ಹೆಸರೂ ಗೊತ್ತು ಸಾರ್. ಹೆಸರು ಹಿಡಿದು ಅಳುತ್ತಾನೆ. ನಾವು ಹೊತ್ತು ತಂದವರ ಹೆಸರು ನಮಗೆ ಗೊತ್ತಿರುವುದಿಲ್ಲ” ಎಂದ. ನಲವತ್ತು ವರ್ಷ ಪಾಠ ಹೇಳಿದ ನನಗೆ ಆ ಭಾಗದ ಬಗ್ಗೆ ಹೀಗೊಂದು ಮಾತು ಹೊಳೆದಿರಲಿಲ್ಲ.

ಕಂಡದ್ದಕ್ಕಿಂತಲೂ ಕೆಲವೊಮ್ಮೆ ಮಾಡಲಾಗದೆ ಹೋದದ್ದು ಹೆಚ್ಚು ಕಾಡುತ್ತದೆ. ಇನ್ನೆರಡು ನಿಮಿಷ ಮೊದಲು ತಲಪಿದ್ದರೆ, ಎಡಗಡೆಯ ಬಾಗಿಲನ್ನು ಮೊದಲು ಒಡೆದಿದ್ದರೆ ಎಂಬ ಲೆಕ್ಕ ರಾತ್ರಿಯೆಲ್ಲ ನಡೆಯುತ್ತದೆ. ಇದರ ಮೇಲೆ ಪಾಳಿಯ ಕೆಲಸ, ಕೆಟ್ಟ ನಿದ್ದೆ. ಅದನ್ನು ಮರೆಸಲು ಕುಡಿತ. ಕುಡಿತದಿಂದ ನಿದ್ದೆ ಇನ್ನಷ್ಟು ಕೆಡುತ್ತದೆ. ಸಣ್ಣ ಸದ್ದಿಗೂ ಸಿಡುಕು, ಮಕ್ಕಳ ಮೇಲೆ ಕೋಪ, ಮದುವೆ ಮುಂಜಿಗಳಿಗೆ ಹೋಗದಿರುವುದು, ಯಾವುದರಲ್ಲೂ ರುಚಿಯಿಲ್ಲದಿರುವುದು. ಹೊರಗಿನವರಿಗೆ ಇದು ದುಡುಕು ಸ್ವಭಾವವೆಂದು ಕಾಣುತ್ತದೆ.

ಇದು ಸ್ವಭಾವವಲ್ಲ, ಬೇನೆ ಎಂಬುದನ್ನು ಒಪ್ಪಿಕೊಳ್ಳಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದ ಸೈನಿಕರು ಮಾತು ನಿಂತು, ಕೈಕಾಲು ನಡುಗಿ ಬರತೊಡಗಿದಾಗ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರಲ್ಲಿ ‘ಶೆಲ್ ಶಾಕ್’ ಎಂಬ ಮಾತನ್ನು ವೈದ್ಯಪತ್ರಿಕೆಯಲ್ಲಿ ಬಳಸಿದ. ತೋಪಿನ ಗುಂಡಿನ ಸಿಡಿತದಿಂದ ನರಗಳು ಅದುರಿವೆಯೆಂಬ ಊಹೆ ಅದರ ಹಿಂದಿತ್ತು. ಗುಂಡಿನ ಹತ್ತಿರಕ್ಕೂ ಹೋಗದವರಲ್ಲಿ ಅದೇ ಲಕ್ಷಣ ಕಂಡಾಗ ಊಹೆ ಬಿದ್ದುಹೋಯಿತು. ಸೇನೆಗೆ ಅದು ಹೇಡಿತನವಾಗಿಯೇ ಕಂಡಿತು. ಆ ಯುದ್ಧದಲ್ಲಿ ಓಡಿಹೋದರು, ಹೆದರಿದರು ಎಂಬಂಥ ಆರೋಪಗಳ ಮೇಲೆ ತನ್ನ ಸೇನೆಯೇ ಗುಂಡಿಕ್ಕಿ ಕೊಂದ 306 ಮಂದಿಗೆ ಬ್ರಿಟಿಷ್ ಸರ್ಕಾರ ಕ್ಷಮೆ ನೀಡಿದ್ದು 2006ರಲ್ಲಿ, ತೊಂಬತ್ತು ವರ್ಷಗಳಾದ ಮೇಲೆ.

ಆ ಕಾಲದ ವೈದ್ಯರಲ್ಲಿ ಒಬ್ಬನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಈತನನ್ನು ನಮಗೆ ತೀರ ಹೊರಗಿನವನೆನ್ನುವಂತಿಲ್ಲ. ಯುದ್ಧಕ್ಕೆ ಮೊದಲು, 1901-02ರಲ್ಲಿ, ಈತ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು ಅವರ ಬಂಧುತ್ವವನ್ನೂ ಹೈನುಮನೆಯ ವಿಧಿಗಳನ್ನೂ ಅಧ್ಯಯನ ಮಾಡಿದ್ದ. 1906ರಲ್ಲಿ ಅವರನ್ನು ಕುರಿತು ದೊಡ್ಡ ಪುಸ್ತಕವನ್ನೇ ಬರೆದ. ಪರರ ಮಾತನ್ನು ತಾಳ್ಮೆಯಿಂದ ಕೇಳುವ ವಿದ್ಯೆ ಆತನಿಗೆ ಅಲ್ಲಿಯೂ ಸ್ವಲ್ಪ ಒದಗಿರಬೇಕೆಂದು ನಾನು ಎಣಿಸುತ್ತೇನೆ. ಯುದ್ಧಕಾಲದಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಆತ ಅಧಿಕಾರಿಗಳಿಗೆ ಚಿಕಿತ್ಸೆ ಮಾಡಿದ. ಕವಿ ಸಿಗ್‌ಫ್ರಿಡ್ ಸಸೂನ್ 1917ರಲ್ಲಿ ಆತನ ರೋಗಿ. ಮತ್ತೊಬ್ಬ ಕವಿ ವಿಲ್ಫ್ರೆಡ್ ಓವೆನ್ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯನ ಬಳಿ ಇದ್ದ.

ಅದೇ ವರ್ಷದ ಕೊನೆಯಲ್ಲಿ ರಿವರ್ಸ್ ಮಾಡಿದ ಉಪನ್ಯಾಸವೊಂದರಲ್ಲಿ ಇಬ್ಬರು ರೋಗಿಗಳ ವೃತ್ತಾಂತ ಬರುತ್ತದೆ. ಒಬ್ಬ ತರುಣ ಅಧಿಕಾರಿ ಗೆಳೆಯನನ್ನು ಹುಡುಕಿಕೊಂಡು ಹೋಗಿ, ಸಿಡಿತಕ್ಕೆ ಸಿಕ್ಕಿ ಅಂಗಾಂಗಗಳು ಬೇರೆಯಾದ ದೇಹವನ್ನು ಕಂಡಿದ್ದ. ಮರೆಯಬೇಕೆಂದು ಎಲ್ಲರೂ ಬುದ್ಧಿ ಹೇಳಿದ್ದರು. ಹಗಲೆಲ್ಲ ಮರೆಯಲು ಹೆಣಗಿ, ರಾತ್ರಿ ಅದೇ ರೂಪವನ್ನು ಕನಸಿನಲ್ಲಿ ಕಾಣುತ್ತಿದ್ದ. ರಿವರ್ಸ್ ಮರೆಯೆನ್ನಲಿಲ್ಲ. ದೇಹದ ಆ ಸ್ಥಿತಿಯೇ ಅವನು ನರಳದೆ ಕ್ಷಣದಲ್ಲಿ ತೀರಿಕೊಂಡನೆಂಬುದಕ್ಕೆ ಸಾಕ್ಷಿಯಲ್ಲವೆ ಎಂದು ತೋರಿಸಿಕೊಟ್ಟ. ರೋಗಿಯ ಮುಖ ಗೆಲುವಾಯಿತು. ಆ ನೆನಪಿನೊಡನೆ ಇರಲು ಅವನಿಗೆ ಒಂದು ದಾರಿ ಸಿಕ್ಕಿತು. ಇನ್ನೊಬ್ಬನ ಅನುಭವ ಹಾಗಲ್ಲ. ಸಿಡಿತ ಅವನನ್ನು ಎಸೆದು ಕೊಳೆತ ಶವವೊಂದರ ಮೇಲೆ ಮುಖ ಕೆಳಗಾಗಿ ಬೀಳಿಸಿತ್ತು. ಆ ರುಚಿ, ಆ ವಾಸನೆ ಅವನನ್ನು ಬಿಡಲಿಲ್ಲ. ಈ ಅನುಭವದಲ್ಲಿ ಹಿಡಿದುಕೊಳ್ಳಲು ಒಂದು ಒಳ್ಳೆಯ ಎಳೆಯೂ ಇಲ್ಲವೆಂದು ಕಂಡ ರಿವರ್ಸ್ ಅದನ್ನು ಕೆದಕಿಸಲಿಲ್ಲ. ಹಿಂದೆ ನೆಮ್ಮದಿ ದೊರೆಯುತ್ತಿದ್ದ ಹಳ್ಳಿಗಾಡಿನ ವಾಸಕ್ಕೆ ಅವನನ್ನು ಕಳಿಸುವುದೇ ಸರಿಯೆಂದುಕೊಂಡ. ಮಾತಿನ ಚಿಕಿತ್ಸೆಯ ಹಿರಿಯರಲ್ಲಿ ಒಬ್ಬನೇ, ಎಲ್ಲರನ್ನೂ ಮಾತನಾಡಿಸಬಾರದೆಂದು ತಿಳಿದಿದ್ದ. ಈ ವಿವೇಕವನ್ನು ಮುಂದಿನವರು ಮರೆತರು.

ನಾಗರಿಕ ಜೀವನದ ದುರಂತಗಳ ಕಡೆಗೆ ವೈದ್ಯರ ದೃಷ್ಟಿ ಬಿದ್ದದ್ದು ಆಮೇಲೆ. 1942ರಲ್ಲಿ ಬಾಸ್ಟನ್ನಿನ ಕೊಕೊನಟ್ ಗ್ರೋವ್ ಎಂಬ ಮನರಂಜನಾ ಗೃಹದ ಬೆಂಕಿಯಲ್ಲಿ 492 ಮಂದಿ ಸತ್ತರು. ಉಳಿದವರ ಮತ್ತು ಬಂಧುಗಳ ಶೋಕವನ್ನು ಕುರಿತು ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನ ಈ ಶಾಸ್ತ್ರಕ್ಕೆ ತಳಹದಿಯಾಯಿತು. ನಮ್ಮ ಬೆಂಗಳೂರಿಗೂ ಅಂಥ ದಿನ ಬಂತು. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ತೊಂಬತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರಲ್ಲಿ ಬಹಳಷ್ಟು ಮಕ್ಕಳು. ಆ ಬಂಧುಗಳ ದುಃಖವನ್ನು ಕುರಿತು ನಿಮ್ಹಾನ್ಸ್‌ನ ತಜ್ಞರು ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಇಂಥ ಅಧ್ಯಯನಗಳ ಪೈಕಿ ಅದು ಮೊದಮೊದಲಿನದು. ಅದು ಬಂಧುಗಳನ್ನು ಕುರಿತದ್ದು. ಆ ಮಕ್ಕಳನ್ನು ಡೇರೆಯಿಂದ ಎತ್ತಿ ತಂದ ಕೈಗಳ ವಿಚಾರ ಬೇರೆ.

ಆ ಕೈಗಳ ವಿಚಾರ ಶಾಸ್ತ್ರಗ್ರಂಥಗಳಿಗೆ ಬಂದದ್ದು ಮೆಲ್ಲಮೆಲ್ಲಗೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಆಘಾತೋತ್ತರ ಒತ್ತಡದ ಬೇನೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. 2013ರ ಆವೃತ್ತಿಯಲ್ಲಿ, ತನಗೇ ಅಪಾಯವಾಗದಿದ್ದರೂ ವೃತ್ತಿಯ ಕಾರಣದಿಂದ ಮತ್ತೆ ಮತ್ತೆ ಭೀಕರವನ್ನು ಎದುರಿಸಿದವನಿಗೂ ಇದು ಬರಬಹುದೆಂದು ಸ್ಪಷ್ಟವಾಗಿ ಬರೆದು, ಮನುಷ್ಯರ ಅವಶೇಷಗಳನ್ನು ಆಯುವ ಮೊದಲ ರಕ್ಷಕರನ್ನೇ ಉದಾಹರಣೆಯಾಗಿ ಕೊಟ್ಟಿತು.

ಈ ನಡುವೆ ಒಂದು ಪರಿಹಾರ ಹೊರಟಿತ್ತು. ಹಿಂದೆ ತಾನೇ ಅಗ್ನಿಶಾಮಕ ದಳದಲ್ಲಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದ. ಘಟನೆಯಾದ ಕೆಲವು ದಿನಗಳೊಳಗೆ ಇಡೀ ತಂಡವನ್ನು ಕೂರಿಸಿ, ಏಳು ಹಂತಗಳಲ್ಲಿ, ಏನು ನಡೆಯಿತು, ಏನನ್ನಿಸಿತು, ಅತ್ಯಂತ ಕೆಟ್ಟದ್ದು ಯಾವುದು ಎಂದು ಪ್ರತಿಯೊಬ್ಬನಿಂದಲೂ ಹೇಳಿಸುವುದು. ಉದ್ದೇಶ ಒಳ್ಳೆಯದು, ಅವರ ನೋವನ್ನು ನೋವೆಂದು ಕರೆದ ಪುಣ್ಯ ಅವನಿಗೆ ಸಲ್ಲಬೇಕು. ಕ್ರಮ ದೇಶದೇಶಗಳಿಗೆ ಹಬ್ಬಿತು. ಒಂದೇ ಬೈಠಕ್ಕು, ಕೆಲವು ಗಂಟೆ, ಕಡತದಲ್ಲಿ ಒಂದು ಗುರುತು: ಕಚೇರಿಗಳಿಗೆ ಇದಕ್ಕಿಂತ ಅನುಕೂಲವಾದದ್ದು ಏನಿದೆ? ಆದರೆ ಪರೀಕ್ಷಿಸಿ ನೋಡಿದಾಗ ಫಲ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಇಂಥದೇ ಒಂದು ಬೈಠಕ್ಕಿನ ಪರೀಕ್ಷೆ ನಡೆದು 1997ರಲ್ಲಿ ಪ್ರಕಟವಾಯಿತು. ಹದಿಮೂರು ತಿಂಗಳ ಮೇಲೆ ನೋಡಿದರೆ, ಹೇಳಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಬೇನೆಯಿತ್ತು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 9. ಹೇಳಿಸಿದ ಗುಂಪಿನವರ ಗಾಯಗಳು ಮೊದಲಿಗೇ ಹೆಚ್ಚು ತೀವ್ರವಾಗಿದ್ದವು, ಆದ್ದರಿಂದ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಅವರು ರೋಗಿಗಳು, ರಕ್ಷಕರಲ್ಲ, ತಂಡದ ಕ್ರಮವನ್ನು ಒಬ್ಬೊಬ್ಬರಿಗೆ ಬಳಸಿದ್ದು ತಪ್ಪು ಎಂದು ಮಿಚೆಲ್‌ನ ಪಕ್ಷದವರು ವಾದಿಸಿದರು. ಆ ವಾದದಲ್ಲೂ ಹುರುಳಿದೆ. ಆದರೂ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2002ರ ಕಾಕ್ರೇನ್ ಸಮೀಕ್ಷೆ, ಕಡ್ಡಾಯವಾಗಿ ಹೇಳಿಸುವುದನ್ನು ನಿಲ್ಲಿಸಬೇಕೆಂದಿತು.

ಏಕೆ ಹೀಗಾಗುತ್ತದೆ? ನನಗೆ ಕಾಣುವ ಉತ್ತರ ಸರಳ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಮೊದಲ ದಿನವೇ ಹೇಗೆ ಸತ್ತರು, ಕೊನೆಗೆ ಏನಂದರು ಎಂದು ಕೆದಕಿ ಕೇಳಿದರೆ ಹಿರಿಯರು ಕಣ್ಣಿನಲ್ಲೇ ಗದರುತ್ತಾರೆ. ಹೋಗಿ ಕುಳಿತಿರಬೇಕು, ಬುತ್ತಿ ಕಳಿಸಬೇಕು, ಅತ್ತಾಗ ಎದ್ದು ಹೋಗಬಾರದು. ಹೇಳುವ ಕಾಲ ಅವರದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಹೇಳುವುದು ಹೆಚ್ಚುಕಡಮೆ ಇದನ್ನೇ. ನೋಡು, ಕೇಳು, ಕೂಡಿಸು ಎಂಬ ಮೂರು ಮಾತು. ಸುರಕ್ಷಿತವಾಗಿದ್ದಾನೆಯೆ, ಹಸಿದಿದ್ದಾನೆಯೆ ಎಂದು ನೋಡು. ಹೇಳಿದರೆ ಕೇಳು, ಹೇಳೆಂದು ಒತ್ತಾಯಿಸಬೇಡ. ಮನೆಯವರೊಡನೆ, ಗೆಳೆಯರೊಡನೆ, ಬೇಕಾದರೆ ವೈದ್ಯರೊಡನೆ ಕೂಡಿಸು.

ಇದರ ಹಿಂದೆ ಒಂದು ಸಮಾಧಾನದ ಸಂಗತಿಯಿದೆ. ಭೀಕರವನ್ನು ಕಂಡವರಲ್ಲಿ ಬಹುಪಾಲು ಜನ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಮೊದಲ ದಿನಗಳ ನಿದ್ದೆಗೇಡು, ಕನಸು, ನಡುಕ ಇವು ರೋಗವಲ್ಲ. ಒಂದು ತಿಂಗಳು ಕಳೆದರೂ ಅವು ಇಳಿಯದಿದ್ದರೆ, ಕೆಲಸಕ್ಕೂ ಸಂಸಾರಕ್ಕೂ ಅಡ್ಡಬಂದರೆ, ಅಥವಾ ಬದುಕು ಬೇಡವೆನ್ನುವ ಮಾತು ಬಂದರೆ ಅದೇ ದಿನ, ವೈದ್ಯರ ಬಳಿಗೆ ಹೋಗಬೇಕು. ಆಗ ಒದಗುವ ಚಿಕಿತ್ಸೆಗಳಿವೆ. ಆ ನೆನಪನ್ನು ತರಬೇತಾದ ತಜ್ಞರೊಡನೆ, ಹಲವು ವಾರಗಳ ಕಾಲ, ರೋಗಿಯ ನಡೆಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಎದುರಿಸುವ ಕ್ರಮ ಅದು. ತುಣುಕುಗಳನ್ನು ಕಥೆಯಾಗಿಸಿ ಹಿಂದಿನ ಕಾಲಕ್ಕೆ ಸೇರಿಸುವ ಕೆಲಸ. ಒಂದು ಮಧ್ಯಾಹ್ನದ ಬೈಠಕ್ಕಿಗೂ ಇದಕ್ಕೂ ಅಜಗಜಾಂತರ. ಮೊದಲ ತಿಂಗಳಲ್ಲಿ ನಿದ್ದೆಯ ಮಾತ್ರೆಗಳನ್ನು ತಾವಾಗಿ ನುಂಗತೊಡಗುವುದು ಅಪಾಯ.

ಠಾಣೆಯೊಳಗೆ ಏನು ಮಾಡಬಹುದು? 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆ ಒಂದೇ ದಿನ 343 ಮಂದಿಯನ್ನು ಕಳೆದುಕೊಂಡಿತು. ಆ ಮೇಲಿನ ತಿಂಗಳುಗಳಲ್ಲಿ ಇಲಾಖೆಯ ಸಲಹಾ ವಿಭಾಗ, ಸಲಹೆ ಬೇಕಾದವರು ಬರಲಿ ಎಂದು ಕಾಯುತ್ತ ಕೂರಲಿಲ್ಲ. ಹೆಚ್ಚು ನಷ್ಟವಾದ ಠಾಣೆಗಳಿಗೆ ಒಬ್ಬೊಬ್ಬ ತಜ್ಞರನ್ನು ನಿಯಮಿಸಿ ಕಳಿಸಿತು. ಅಲ್ಲಿನ ಠಾಣೆಗಳಲ್ಲಿ ಪಾಳಿಯವರೆಲ್ಲ ಸೇರಿ ಅಡುಗೆ ಮಾಡಿಕೊಂಡು ಒಂದೇ ಮೇಜಿನಲ್ಲಿ ಉಣ್ಣುವ ವಾಡಿಕೆ. ತಜ್ಞರು ಹೋಗಿ ಆ ಅಡುಗೆಮನೆಯ ಮೇಜಿನ ಬಳಿ ಕುಳಿತರು. ಮೊದಮೊದಲು ಯಾರೂ ಮಾತನಾಡಿಸದಿದ್ದರೂ ಮತ್ತೆ ಮತ್ತೆ ಹೋದರು. ಜೊತೆಗೆ ದಳದವರಲ್ಲೇ ಕೆಲವರಿಗೆ ತರಬೇತಿ ಕೊಟ್ಟರು. ಏಕೆಂದರೆ ಹೊಗೆ ಕುಡಿದವನ ಮಾತನ್ನು ಹೊಗೆ ಕುಡಿದವನೇ ನಂಬುತ್ತಾನೆ. ಬ್ರಿಟನ್ನಿನ ನೌಕಾ ಸೈನಿಕರಲ್ಲಿ ಇಂಥದೇ ಸಹೋದ್ಯೋಗಿಗಳ ಏರ್ಪಾಡು ಬೆಳೆದು ಬೇರೆ ಸೇವೆಗಳಿಗೂ ಹರಡಿದೆ.

ನಮ್ಮ ಠಾಣೆಗಳಲ್ಲಿ ಇದಕ್ಕೆ ಅಡ್ಡಬರುವುದು ಹಣದ ಕೊರತೆಗಿಂತ ಹೆಚ್ಚಾಗಿ ಹೆದರಿಕೆ ಎಂದು ನನ್ನ ವಿದ್ಯಾರ್ಥಿಯ ಮತ. ಮನೋವೈದ್ಯರನ್ನು ಕಂಡೆನೆಂದು ತಿಳಿದರೆ ಸೇವಾ ಪುಸ್ತಕದಲ್ಲಿ ಏನು ಬರೆಯುತ್ತಾರೋ, ಬಡ್ತಿಗೆ ಕಲ್ಲು ಬೀಳುತ್ತದೋ, ಗಾಡಿಯಿಂದ ಇಳಿಸಿ ಕಾಗದದ ಕೆಲಸಕ್ಕೆ ಹಾಕುತ್ತಾರೋ ಎಂಬ ಹೆದರಿಕೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಂಬ ಭರವಸೆ ಲಿಖಿತವಾಗಿ ಇಲ್ಲದಿದ್ದರೆ ಎಷ್ಟು ಸಲಹಾಕೇಂದ್ರ ತೆರೆದರೂ ಬಾಗಿಲು ತುಳಿಯುವವರಿಲ್ಲ. ಇನ್ನೊಂದು, ಮೇಲಧಿಕಾರಿಯ ನಡತೆ. ದೊಡ್ಡ ಕರೆಯಿಂದ ಬಂದ ಮೇಲೆ ಅವನು ಹುಡುಗರೊಡನೆ ಕುಳಿತು ಒಂದು ಲೋಟ ಚಹಾ ಕುಡಿದು, ನನಗೂ ನಿನ್ನೆ ನಿದ್ದೆ ಬರಲಿಲ್ಲ ಎಂದರೆ ಸಾಕು, ಅರ್ಧ ನಾಚಿಕೆ ಕಳೆಯುತ್ತದೆ. ಮಗುವಿನ ಶವವನ್ನು ಎತ್ತಿದವನನ್ನು ಮರುದಿನವೇ ಅಂಥ ಇನ್ನೊಂದು ಕರೆಗೆ ಕಳಿಸದಿರುವಷ್ಟು ಪಾಳಿಯನ್ನು ಹೊಂದಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ.

ಮನೆಯವರ ವಿಚಾರದಲ್ಲಿ ಭಾರತಕ್ಕೆ ತನ್ನದೇ ಒಂದು ಪರಂಪರೆಯಿದೆ. ನಾವು ಅದನ್ನು ಹೆಮ್ಮೆಯಿಂದ ನೆನೆಯಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡರು. ಜಗತ್ತಿನ ಬೇರೆಡೆಗಳಲ್ಲಿ ಬಂಧುಗಳನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದ ಕಾಲ ಅದು. ಮನೆಯವರಿಗೆ ಬೇನೆಯ ಸ್ವರೂಪವನ್ನು ತಿಳಿಸಿ, ಆರೈಕೆಯಲ್ಲಿ ಸೇರಿಸಿಕೊಂಡದ್ದರಿಂದ ರೋಗಿಗಳು ಬೇಗ ಮನೆಗೆ ಮರಳಿದರು. ಮುಂದೆ ವೆಲ್ಲೂರಿನಲ್ಲಿಯೂ ನಮ್ಮ ನಿಮ್ಹಾನ್ಸ್‌ನಲ್ಲಿಯೂ ಈ ಪದ್ಧತಿ ಬೆಳೆಯಿತು. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಬೇನೆಯನ್ನು ಗುರುತಿಸಿ ಚಿಕಿತ್ಸೆ ಮಾಡಬಲ್ಲರೆಂದು ತೋರಿಸಿ, ಇಡೀ ದೇಶದ ಜಿಲ್ಲಾ ಯೋಜನೆಗೆ ಮಾದರಿಯಾಯಿತು. ಬೇನೆಯನ್ನು ಮನೆಯ ಹತ್ತಿರ, ಮನೆಯವರ ಜೊತೆ ನೋಡಬೇಕೆಂಬ ಈ ದಾರಿ ರಕ್ಷಕರಿಗೂ ಒಪ್ಪುತ್ತದೆ.

ಹೆಂಡತಿಗೆ ಎಲ್ಲವನ್ನೂ ವರ್ಣಿಸಬೇಕಾಗಿಲ್ಲ; ವರ್ಣಿಸಿದರೆ ಆ ಚಿತ್ರ ಆಕೆಯನ್ನೂ ಕಾಡಬಹುದು. “ಇವತ್ತು ಕೆಟ್ಟ ದಿನ, ಸ್ವಲ್ಪ ಹೊತ್ತು ಒಬ್ಬನೇ ಇರುತ್ತೇನೆ, ಆಮೇಲೆ ಬರುತ್ತೇನೆ” ಎಂಬಷ್ಟು ಹೇಳಿದರೂ ಆಕೆ ತನ್ನ ಮೇಲಿನ ಕೋಪವೆಂದು ತಿಳಿಯುವುದು ತಪ್ಪುತ್ತದೆ. ಮಕ್ಕಳಿಗೂ ಅಷ್ಟೇ. ಅಪ್ಪನ ಮೌನಕ್ಕೆ ಕಾರಣ ತಾವೆಂದೇ ಮಕ್ಕಳು ಎಣಿಸುತ್ತಾರೆ. ಕೆಲಸಕ್ಕೆ ಸೇರುವ ದಿನವೇ ಇಲಾಖೆಯವರು ಮನೆಯವರನ್ನು ಕರೆದು, ಇಂಥಿಂಥ ಲಕ್ಷಣ ಕಂಡರೆ ಇಂಥ ಕಡೆ ಬನ್ನಿ ಎಂದು ತಿಳಿಸಿದರೆ, ಹೇಳಿಬಿಡುತ್ತಾರೋ ಎಂಬ ಆ ತಾಯಿಯ ಹೆದರಿಕೆ ಎಂಟು ವರ್ಷ ಬೆಳೆಯಬೇಕಾಗಿರಲಿಲ್ಲ.

ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಶಾಂತಿಪರ್ವ ಮೊದಲಾದ ಉಳಿದವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ನಾನು ಕೇಳಿದ ಗಮಕ ವಾಚನಗಳೆಲ್ಲ ಧರ್ಮರಾಯನ ಪಟ್ಟಾಭಿಷೇಕಕ್ಕೆ ಮಂಗಳ ಹಾಡಿದವು. ಗೆದ್ದು ಬಂದ ಧರ್ಮರಾಯ ರಾಜ್ಯ ಬೇಡವೆಂದು ಕುಸಿದದ್ದು, ತಮ್ಮಂದಿರೂ ದ್ರೌಪದಿಯೂ ಅವನೊಡನೆ ವಾದಿಸಿ ಹೈರಾಣಾದದ್ದು, ಶರಶಯ್ಯೆಯ ಭೀಷ್ಮನ ಬಳಿ ಅವನು ದಿನಗಟ್ಟಲೆ ಕುಳಿತದ್ದು ಮುಂದಿನ ಭಾಗದಲ್ಲಿದೆ. ಅದನ್ನು ಕೇಳಲು ಜನ ಕೂಡುವುದು ಕಡಮೆ.

ಈಗ ಇರುವ ನೆರವಿನ ವಿಷಯ. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಪತ್ತಿನ ಸಮಯದ ಮನೋಸಾಮಾಜಿಕ ನೆರವಿಗೆ ಮಾರ್ಗಸೂಚಿ ಹೊರಡಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನೂ ಗೋಪ್ಯತೆಯನ್ನೂ ಹಕ್ಕಾಗಿ ಮಾಡಿದೆ. ಹಿಂಜರಿಯುವವರು ಈ ಎರಡನೆಯ ಅಂಶವನ್ನು ತಿಳಿದಿರಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶಕ ಕೇಂದ್ರ. ಅದರ ಸಂಖ್ಯೆ 14416. ಹಗಲಿರುಳೂ ಇದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಕರೆ ಮಾಡುವವನು ತಾನೇ ರೋಗಿಯಾಗಿರಬೇಕೆಂಬ ನಿಯಮವಿಲ್ಲ. ಈ ಮಾತನ್ನು ಕೇಳುತ್ತಿರುವವರಲ್ಲಿ ಅಂಥ ಮನೆಯ ತಾಯಿಯೋ ಹೆಂಡತಿಯೋ ಇದ್ದರೆ, ಮನೆಯವರು ಪಾಳಿಗೆ ಹೋದ ಹೊತ್ತಿನಲ್ಲಿ ತಾವೇ ಕರೆ ಮಾಡಿ, ಏನು ಮಾಡಬೇಕೆಂದು ಕೇಳಬಹುದು.